ಹವ್ಯಾಸಿ ಎಂದರೆ ಯಾರು?

ನಾಟಕ ನೋಡುವವರಿಗೆ ವೃತ್ತಿ ಕಂಪನಿಗೂ ಹವ್ಯಾಸಿ ತಂಡಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬರು ಬಣ್ಣ ಹಚ್ಚುವುದು ಹೊಟ್ಟೆಪಾಡಿಗೆ, ಇನ್ನೊಬ್ಬರು ಪ್ರೀತಿಗೆ. ಗಾಲ್ಫ್ ಆಟದಲ್ಲೂ ಇಂಥದೇ ಒಂದು ಗೆರೆ ಉಂಟು. ಆದರೆ ಅಲ್ಲಿ ಅದು ಕೇವಲ ಹೆಸರಿನ ಮಾತಾಗಿರಲಿಲ್ಲ. ಯಾರು ಕ್ಲಬ್ಬಿನ ಮುಂಬಾಗಿಲಿನಿಂದ ಒಳಗೆ ಬರಬಹುದು, ಯಾರು ಬರಬಾರದು ಎಂಬುದನ್ನೂ ಅದು ನಿರ್ಧರಿಸುತ್ತಿತ್ತು. 1930ರ ಸೆಪ್ಟೆಂಬರ್‌ನಲ್ಲಿ ಮೆರಿಯನ್‌ನಲ್ಲಿ ನಡೆದ ಅಮೆರಿಕದ ಹವ್ಯಾಸಿ ಚಾಂಪಿಯನ್‌ಷಿಪ್ ಈ ಗೆರೆಯ ಇತಿಹಾಸದಲ್ಲಿ ಒಂದು ಮುಖ್ಯ ಘಟ್ಟ.

ಮೆರಿಯನ್ ಇರುವುದು ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾ ನಗರದ ಹೊರವಲಯದಲ್ಲಿ. 1865ರಲ್ಲಿ ಕ್ರಿಕೆಟ್ ಕ್ಲಬ್ ಆಗಿ ಹುಟ್ಟಿದ ಸಂಸ್ಥೆ ಅದು. ಅದರ ಪ್ರಸಿದ್ಧ ಪೂರ್ವ ಮೈದಾನ 1912ರಲ್ಲಿ ಸಿದ್ಧವಾಯಿತು. ಅದನ್ನು ರೂಪಿಸಿದ ಹ್ಯೂ ವಿಲ್ಸನ್ ಕ್ಲಬ್ಬಿನ ಸದಸ್ಯರೇ. ಅದಕ್ಕೂ ಮೊದಲು ಅವರು ಒಂದು ಮೈದಾನವನ್ನೂ ಕಟ್ಟಿದವರಲ್ಲ. ಗಾಲ್ಫ್ ಬೆಳೆದದ್ದು ಸ್ಕಾಟ್ಲೆಂಡಿನ ಕಡಲತೀರದ ಮರಳುದಿಬ್ಬಗಳ ಮೇಲೆ. ಅಲ್ಲಿ ಮರಗಳಿಲ್ಲ, ಗಾಳಿಯೇ ಆಟಗಾರನ ಎದುರಾಳಿ. ಮೆರಿಯನ್ ಒಳನಾಡಿನ ‘ಪಾರ್ಕ್‌ಲ್ಯಾಂಡ್’ ಮೈದಾನ. ಮರಗಳು, ಮೆತ್ತನೆಯ ಹುಲ್ಲು, ನಡುವೆ ಹರಿಯುವ ತೊರೆ. ಅಲ್ಲಿ ಕುಳಿಯನ್ನು ಗುರುತಿಸುವ ಕೋಲಿನ ತುದಿಗೆ ಬಾವುಟವಿಲ್ಲ, ಹೆಣೆದ ಬುಟ್ಟಿ ಇರುತ್ತದೆ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಬುಟ್ಟಿ ಹೇಳುವುದಿಲ್ಲ.

ಈ ಚಾಂಪಿಯನ್‌ಷಿಪ್ ಆರಂಭವಾದದ್ದು 1895ರಲ್ಲಿ, ರೋಡ್ ಐಲೆಂಡ್‌ನ ನ್ಯೂಪೋರ್ಟಿನಲ್ಲಿ. ವೃತ್ತಿಪರರೂ ಆಡಬಹುದಾದ ಮೊದಲ ಅಮೆರಿಕನ್ ಓಪನ್ ನಡೆದದ್ದು ಅದು ಮುಗಿದ ಮರುದಿನ, ಅದೇ ಮೈದಾನದಲ್ಲಿ, ಒಂದೇ ದಿನದ ಮಟ್ಟಿಗೆ. ಆಗ ಹಿರಿಯ ಪಂದ್ಯ ಯಾವುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ವೃತ್ತಿಪರನೆಂದರೆ ಕ್ಲಬ್ಬಿನ ಸಂಬಳದಾಳು. ಸದಸ್ಯರಿಗೆ ಆಟ ಕಲಿಸುವವನು, ಕೋಲು ರಿಪೇರಿ ಮಾಡುವವನು. 1920ರಲ್ಲಿ ಒಹಾಯೊ ರಾಜ್ಯದ ಇನ್‌ವರ್ನೆಸ್ ಕ್ಲಬ್ ಓಪನ್ ಪಂದ್ಯದ ವೃತ್ತಿಪರರಿಗೆ ತನ್ನ ಕಟ್ಟಡದ ಬಾಗಿಲು ತೆರೆದಾಗ, ಅವರು ಕೃತಜ್ಞತೆಯಿಂದ ಒಂದು ದೊಡ್ಡ ಗಡಿಯಾರವನ್ನೇ ಕಾಣಿಕೆಯಾಗಿ ಕೊಟ್ಟರು.

ಹವ್ಯಾಸಿಗಳ ಪೈಕಿ ಎಲ್ಲರಿಗಿಂತ ಎತ್ತರದಲ್ಲಿ ನಿಂತವರು ಅಟ್ಲಾಂಟಾದ ಬಾಬಿ ಜೋನ್ಸ್. 14ನೇ ವಯಸ್ಸಿನಲ್ಲಿ, 1916ರಲ್ಲಿ, ಅವರು ಈ ಚಾಂಪಿಯನ್‌ಷಿಪ್ಪಿಗೆ ಕಾಲಿಟ್ಟದ್ದು ಮೆರಿಯನ್‌ನಲ್ಲಿ. 1924ರಲ್ಲಿ ಅದನ್ನು ಮೊದಲ ಬಾರಿ ಗೆದ್ದದ್ದೂ ಅಲ್ಲಿಯೇ. 1930ರಲ್ಲಿ ಮೂರನೆಯ ಸಲ ಅಲ್ಲಿಗೆ ಬರುವ ಹೊತ್ತಿಗೆ ಬ್ರಿಟನ್ನಿನ ಹವ್ಯಾಸಿ, ಬ್ರಿಟನ್ನಿನ ಓಪನ್ ಮತ್ತು ಅಮೆರಿಕದ ಓಪನ್, ಮೂರೂ ಪ್ರಶಸ್ತಿಗಳು ಅದೇ ವರ್ಷ ಅವರ ಕೈ ಸೇರಿದ್ದವು. ಎರಡು ಓಪನ್‌ಗಳಲ್ಲಿ ಅವರು ಸೋಲಿಸಿದ್ದು ಆಟವನ್ನೇ ನಂಬಿ ಬದುಕುತ್ತಿದ್ದ ವೃತ್ತಿಪರರನ್ನು.

ಸೆಪ್ಟೆಂಬರ್ 27ರ ಫೈನಲ್‌ನಲ್ಲಿ ಅವರ ಎದುರಾಳಿ ಯೂಜೀನ್ ಹೋಮನ್ಸ್. ಹವ್ಯಾಸಿ ಫೈನಲ್‌ನಲ್ಲಿ ಒಟ್ಟು ಹೊಡೆತಗಳ ಲೆಕ್ಕವಿಲ್ಲ. 36 ಕುಳಿಗಳಲ್ಲಿ ಪ್ರತಿ ಕುಳಿಯೂ ಒಂದು ಪ್ರತ್ಯೇಕ ಪಂದ್ಯ. ಜೋನ್ಸ್ ಗೆದ್ದ ಅಂತರ ‘8 ಮತ್ತು 7’. ಅಂದರೆ, ಇನ್ನು 7 ಕುಳಿಗಳು ಉಳಿದಿರುವಾಗಲೇ ಅವರು 8 ಕುಳಿಗಳಷ್ಟು ಮುಂದಿದ್ದರು. ಎರಡನೇ ಸುತ್ತಿನ 11ನೇ ಕುಳಿಯ ಬಳಿ ಆಟ ಮುಗಿಯಿತು. ನುಗ್ಗಿದ ಜನಸಾಗರದಿಂದ ಅವರನ್ನು ಕಾಪಾಡಲು ನೌಕಾದಳದ ಯೋಧರು ಸುತ್ತುವರಿಯಬೇಕಾಯಿತು. ಒಂದೇ ವರ್ಷದಲ್ಲಿ ಈ ನಾಲ್ಕನ್ನೂ ಗೆದ್ದವರು ಇನ್ನೊಬ್ಬರಿಲ್ಲ. ಆ ಕುಳಿಯ ಬಳಿ ಇಂದಿಗೂ ಒಂದು ಫಲಕವಿದೆ.

ಆದರೆ ಪ್ರೀತಿಗಾಗಿ ಆಡುವುದಕ್ಕೂ ಅನುಕೂಲ ಬೇಕು. ಜೋನ್ಸ್ ವಕೀಲರ ಮಗ, ತಾವೂ ವಕೀಲರು. ಫ್ರಾನ್ಸಿಸ್ ವಿಮೆಟ್ ಅವರಿಗೆ ಆ ಭಾಗ್ಯವಿರಲಿಲ್ಲ. ಬ್ರೂಕ್‌ಲೈನ್‌ನ ಕಂಟ್ರಿ ಕ್ಲಬ್ಬಿನ ರಸ್ತೆಯಾಚೆಯ ಮನೆಯವರಾದ ಅವರು ಅಲ್ಲಿಯೇ ಇತರರ ಚೀಲ ಹೊರುವ ಕ್ಯಾಡಿಯಾಗಿದ್ದವರು. 1913ರಲ್ಲಿ, ತಮ್ಮ 20ನೇ ವಯಸ್ಸಿನಲ್ಲಿ, ಅದೇ ಕ್ಲಬ್ಬಿನಲ್ಲಿ ಇಂಗ್ಲಿಷ್ ದಿಗ್ಗಜರನ್ನು ಮಣಿಸಿ ಅಮೆರಿಕದ ಓಪನ್ ಗೆದ್ದರು. ಕ್ರೀಡಾ ಸಾಮಗ್ರಿಗಳ ವ್ಯಾಪಾರಕ್ಕೆ ಇಳಿದದ್ದೇ ತಪ್ಪಾಯಿತು. 1916ರಲ್ಲಿ ಅವರ ಹವ್ಯಾಸಿ ಪಟ್ಟವನ್ನು ಕಿತ್ತುಕೊಳ್ಳಲಾಯಿತು. ಅದು ಮರಳಿ ಸಿಕ್ಕಿದ್ದು 1918ರಲ್ಲಿ. ನಿಯಮ ಎಲ್ಲರಿಗೂ ಒಂದೇ ಆದರೂ ಅದರ ಭಾರ ಮಾತ್ರ ಎಲ್ಲರ ಹೆಗಲ ಮೇಲೂ ಒಂದೇ ಆಗಿರಲಿಲ್ಲ.

ಮೆರಿಯನ್ ಗೆಲುವಿನ ಎರಡೇ ತಿಂಗಳಲ್ಲಿ, 28ನೇ ವಯಸ್ಸಿಗೆ, ಜೋನ್ಸ್ ನಿವೃತ್ತಿ ಘೋಷಿಸಿದರು. ಗಾಲ್ಫ್ ಕಲಿಸುವ ಕಿರುಚಿತ್ರಗಳಿಗೆ ಒಪ್ಪಂದ ಮಾಡಿಕೊಂಡು, ಹವ್ಯಾಸಿ ಪಟ್ಟವನ್ನು ತಾವಾಗಿಯೇ ಬಿಟ್ಟುಕೊಟ್ಟರು. ಮುಂದೆ ಅವರು ಕಟ್ಟಿದ ಅಗಸ್ಟಾ ಮೈದಾನದಲ್ಲಿ 1934ರಿಂದ ನಡೆದು ಬಂದಿರುವ ಮಾಸ್ಟರ್ಸ್ ಪಂದ್ಯಕ್ಕೆ ಅಮೆರಿಕದ ಹವ್ಯಾಸಿ ಚಾಂಪಿಯನ್‌ನನ್ನು ಈಗಲೂ ಆಹ್ವಾನಿಸಲಾಗುತ್ತದೆ.

ಆ ಗೆರೆ ಈಗ ಸಾಕಷ್ಟು ಮಸುಕಾಗಿದೆ. 2022ರ ಜನವರಿಯಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಹವ್ಯಾಸಿಗಳು ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಬಳಸಿ ಹಣ ಪಡೆಯಬಹುದು. ಪಂದ್ಯದ ಬಹುಮಾನಕ್ಕೆ ಮಾತ್ರ ಮಿತಿ ಉಳಿದಿದೆ. ವಿಮೆಟ್ ಪಟ್ಟ ಕಳೆದುಕೊಂಡ ಕಾಲಕ್ಕೆ ಇದು ಊಹೆಗೂ ನಿಲುಕದ ಮಾತು. ಹಣ ಮುಟ್ಟಿದ ಮಾತ್ರಕ್ಕೆ ಆಟದ ಮೇಲಿನ ಪ್ರೀತಿ ಕೆಡುವುದಿಲ್ಲ ಎಂದು ಒಪ್ಪಿಕೊಳ್ಳಲು ಗಾಲ್ಫ್ ಲೋಕಕ್ಕೆ ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು.