ದುಡಿಯುವ ಕೈಗಳ ನೋವು: ತಡೆ, ಫಿಸಿಯೋಥೆರಪಿ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ನಿಪ್ಪಾಣಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಬೀಡಿ ಕಟ್ಟುವ ಮಹಿಳೆಯರು, ಅಥಣಿ ಭಾಗದಲ್ಲಿ ಕೊಲ್ಹಾಪುರಿ ಚಪ್ಪಲಿ ತಯಾರಿಸುವ ಕುಟುಂಬಗಳು, ಚಿಕ್ಕೋಡಿ, ರಾಯಬಾಗ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಕಬ್ಬು ಕಟಾವು ಮಾಡುವ ಕೂಲಿಕಾರರು, ಈ ಮೂರೂ ವರ್ಗದವರಿಗೆ ಸಮಾನವಾದ ಸಂಗತಿಯೊಂದಿದೆ. ಇವರ ಕೂಲಿ ಹೆಚ್ಚಾಗಿ ದಿನದ ಲೆಕ್ಕದ್ದಲ್ಲ, ಕೆಲಸದ ಲೆಕ್ಕದ್ದು: ಸಾವಿರ ಬೀಡಿಗೆ ಇಷ್ಟು, ಜೋಡಿ ಚಪ್ಪಲಿಗೆ ಇಷ್ಟು, ಟನ್ ಕಬ್ಬಿಗೆ ಇಷ್ಟು. ಕೈ ನಿಂತರೆ ಕೂಲಿಯೂ ನಿಲ್ಲುತ್ತದೆ. ಆದ್ದರಿಂದ ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡದಲ್ಲಿ, ಮೊಣಕೈಯಲ್ಲಿ ಆರಂಭವಾಗುವ ನೋವನ್ನು ಸಹಿಸಿಕೊಂಡೇ ದುಡಿಯುವುದು ರೂಢಿಯಾಗಿದೆ. ಆರಂಭದಲ್ಲಿ ಕೆಲವು ವಾರಗಳ ಸರಳ ಆರೈಕೆಯಿಂದ ಗುಣವಾಗಬಹುದಾದ ತೊಂದರೆಯು ಹೀಗೆ ಮುಂದೂಡಲ್ಪಟ್ಟು, ಕೊನೆಗೆ ದುಡಿಮೆಯನ್ನೇ ಕಸಿದುಕೊಳ್ಳುವ ಸಂಭವವಿರುತ್ತದೆ. ಈ ನೋವುಗಳ ಸ್ವರೂಪ, ಚಿಕಿತ್ಸೆ ಮತ್ತು ತಡೆಯ ಕುರಿತು ಸದಸ್ಯರಿಗೆ ಮಾಹಿತಿ ನೀಡುವುದು ಈ ಲೇಖನದ ಉದ್ದೇಶ.

ಗಾಯವಾಗುವ ಬಗೆ

ಬೆರಳುಗಳನ್ನು ಆಡಿಸುವ ಸ್ನಾಯುಗಳು ಮುಂಗೈಯಲ್ಲಿದ್ದು, ಅವು ಸ್ನಾಯುರಜ್ಜು ಎಂಬ ಗಟ್ಟಿಯಾದ ಎಳೆಗಳ ಮೂಲಕ ಬೆರಳುಗಳನ್ನು ಎಳೆಯುತ್ತವೆ. ಈ ಎಳೆಗಳು ಮಣಿಕಟ್ಟಿನ ಬಳಿ ಕಿರಿದಾದ ಪೊರೆಗಳೊಳಗೆ ಜಾರುತ್ತವೆ. ಬಾವಿಯ ರಾಟೆಯ ಮೇಲೆ ಹಗ್ಗ ಎಳೆದೆಳೆದು ಸವೆಯುವಂತೆ, ಒಂದೇ ಚಲನೆ ಬಿಡುವಿಲ್ಲದೆ ಸಾವಿರಾರು ಬಾರಿ ನಡೆದರೆ ಈ ಎಳೆಗಳೂ ಪೊರೆಗಳೂ ಘಾಸಿಗೊಂಡು ದಪ್ಪವಾಗುತ್ತವೆ. ಹಗ್ಗಕ್ಕೂ ದೇಹಕ್ಕೂ ಒಂದು ವ್ಯತ್ಯಾಸವಿದೆ. ದೇಹವು ತನ್ನ ಸವೆತವನ್ನು ತಾನೇ ದುರಸ್ತಿ ಮಾಡಿಕೊಳ್ಳಬಲ್ಲದು. ಅದಕ್ಕೆ ಬೇಕಾದದ್ದು ಬಿಡುವು. ಸವೆತದ ವೇಗವು ದುರಸ್ತಿಯ ವೇಗವನ್ನು ಮೀರಿದಾಗ ಉಂಟಾಗುವುದೇ ಪುನರಾವರ್ತಿತ ಶ್ರಮದ ಗಾಯ.

ಎಲೆ ಕತ್ತರಿಸುವುದು, ತಂಬಾಕು ತುಂಬುವುದು, ಸುತ್ತುವುದು, ತುದಿ ಮಡಚುವುದು, ದಾರ ಕಟ್ಟುವುದು ಎಂದು ಒಂದು ಬೀಡಿಗೆ ಐದೇ ಚಲನೆಗಳನ್ನು ಲೆಕ್ಕ ಹಿಡಿದರೂ, ಸಾವಿರ ಬೀಡಿ ಕಟ್ಟುವ ಕೈ ಐದು ಸಾವಿರ ಬಾರಿ ಆಡಬೇಕಾಗುತ್ತದೆ. ಇದರ ಮೇಲೆ ಮನೆಯ ಬಟ್ಟೆ ಹಿಂಡುವುದು, ರೊಟ್ಟಿ ಬಡಿಯುವುದು, ನೀರು ಹೊರುವುದು ಸಹ ಅದೇ ಕೈಗಳ ಕೆಲಸ.

ಇದು ಹೊಸದಾಗಿ ಕಂಡುಬಂದ ತೊಂದರೆಯಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜಿನಿ ಕಸುಬುಗಳಿಂದ ಬರುವ ರೋಗಗಳ ಕುರಿತ ತನ್ನ ಗ್ರಂಥದ 1713ರ ಆವೃತ್ತಿಯಲ್ಲಿ ಕಾರಕೂನರ ಕೈನೋವಿಗೆ ಸತತವಾಗಿ ಕುಳಿತಿರುವುದು ಮತ್ತು ಕೈಯ ಎಡೆಬಿಡದ ಚಲನೆ ಕಾರಣವೆಂದು ದಾಖಲಿಸಿದ್ದನು. ಹೆಬ್ಬೆರಳ ಬುಡದ ನೋವನ್ನು ಸ್ವಿಸ್ ಶಸ್ತ್ರವೈದ್ಯ ಡಿ ಕ್ವೆರ್ವೇನ್ 1895ರಲ್ಲಿ ವಿವರಿಸಿದನು. ಆ ತೊಂದರೆಗೆ ಇಂದಿಗೂ ಅವನದೇ ಹೆಸರಿದೆ.

ಗುರುತಿಸುವ ಲಕ್ಷಣಗಳು

1. ಹೆಬ್ಬೆರಳ ಬುಡದ ನೋವು: ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಗ್ಗಿಸಿದಾಗ ತೀವ್ರವಾಗಿ ಚುಚ್ಚುವುದು. ಬೀಡಿ ಸುತ್ತುವುದು, ಕತ್ತರಿ ಹಿಡಿಯುವುದು ಇದನ್ನು ಹೆಚ್ಚಿಸುತ್ತದೆ.

2. ಮಣಿಕಟ್ಟಿನ ನರ ಒತ್ತಡ, ಅಂದರೆ ಕಾರ್ಪಲ್ ಟನಲ್ ತೊಂದರೆ: ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು. ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಆರಾಮವೆನಿಸುವುದು. ಕಿರುಬೆರಳಿನಲ್ಲಿ ಸಾಮಾನ್ಯವಾಗಿ ಜೋಮು ಇರುವುದಿಲ್ಲ. ಮಧುಮೇಹ, ಥೈರಾಯ್ಡ್ ಕೊರತೆ ಇರುವವರಲ್ಲಿ ಮತ್ತು ಗರ್ಭಿಣಿಯರಲ್ಲಿ ಇದರ ಸಂಭವ ಹೆಚ್ಚು.

3. ಮೊಣಕೈಯ ಹೊರಬದಿಯ ನೋವು: ತುಂಬಿದ ಚೆಂಬು ಎತ್ತುವಾಗ, ಬಟ್ಟೆ ಹಿಂಡುವಾಗ ಹೆಚ್ಚಾಗುವುದು. ಕಬ್ಬು ಕಡಿಯುವವರು ಮತ್ತು ಸುತ್ತಿಗೆಯಿಂದ ಚರ್ಮ ಬಡಿಯುವವರು ಇದರ ಬಗ್ಗೆ ಎಚ್ಚರ ವಹಿಸಬೇಕು.

4. ಕತ್ತು, ಹೆಗಲು, ಸೊಂಟದ ಬಿಗಿತ: ನೆಲದ ಮೇಲೆ ತಲೆ ತಗ್ಗಿಸಿ ಗಂಟೆಗಟ್ಟಲೆ ಕುಳಿತು ಮಾಡುವ ಕೆಲಸಗಳಲ್ಲಿ ಸಾಮಾನ್ಯ.

ನೋವು ರಾತ್ರಿಯ ವಿಶ್ರಾಂತಿಯಿಂದ ಇಳಿಯುತ್ತಿದ್ದರೆ ಅದು ಮೊದಲ ಹಂತ. ಬೆಳಿಗ್ಗೆ ಏಳುವಾಗಲೂ ಉಳಿದಿದ್ದರೆ ಎರಡನೆಯ ಹಂತ. ಕೆಲಸವಿಲ್ಲದಾಗಲೂ ನೋಯುತ್ತಿದ್ದರೆ, ಹಿಡಿತ ಸಡಿಲವಾಗಿದ್ದರೆ ಮೂರನೆಯ ಹಂತ. ಮೊದಲ ಹಂತದಲ್ಲಿಯೇ ಗುರುತಿಸುವುದು ಮುಖ್ಯ.

ಹೆಬ್ಬೆರಳ ಬುಡದ ಮಾಂಸ ಕರಗುವುದು, ಪಾತ್ರೆಗಳು ಕೈಜಾರಿ ಬೀಳುವುದು, ಕೀಲು ಕೆಂಪಾಗಿ ಊದಿ ಜ್ವರ ಬರುವುದು, ಬೆಳಿಗ್ಗೆ ಹಲವು ಕೀಲುಗಳು ಒಂದು ಗಂಟೆಗೂ ಮೀರಿ ಬಿಗಿದಿರುವುದು, ಇವು ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಎದೆನೋವಿನೊಂದಿಗೆ ತೋಳು ನೋಯುವುದು ಹೃದಯದ ತೊಂದರೆಯಾಗಿರಬಹುದು; ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಫಿಸಿಯೋಥೆರಪಿಯಲ್ಲಿ ಮಾಡುವುದೇನು

ಫಿಸಿಯೋಥೆರಪಿ ಎಂದರೆ ಯಂತ್ರದ ಶಾಖ ಅಥವಾ ಮಾಲೀಸು ಮಾತ್ರ ಎಂಬ ಭಾವನೆ ಸರಿಯಲ್ಲ. ಯಾವ ಎಳೆ, ಯಾವ ನರ, ಯಾವ ಚಲನೆಯಿಂದ ಘಾಸಿಗೊಂಡಿದೆ ಎಂಬುದನ್ನು ಪರೀಕ್ಷಿಸಿ ತಿಳಿಯುವುದೇ ಇದರ ಮೊದಲ ಕೆಲಸ. ಅನಂತರ ಚಿಕಿತ್ಸೆ ಮೂರು ಹಂತಗಳಲ್ಲಿ ಸಾಗುತ್ತದೆ.

ಮೊದಲನೆಯದು ಒತ್ತಡವನ್ನು ಇಳಿಸುವುದು. ಕೆಲಸವನ್ನು ಸಂಪೂರ್ಣ ಬಿಡಿಸುವ ಬದಲು ನೋವು ತರುವ ಚಲನೆಯನ್ನು ಮಾತ್ರ ಕಡಿಮೆ ಮಾಡಿಸಲಾಗುತ್ತದೆ. ಹೊಸ ನೋವಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಬಹುದು. ಮಣಿಕಟ್ಟಿನ ನರ ಒತ್ತಡವಿದ್ದರೆ ಮಣಿಕಟ್ಟನ್ನು ನೇರವಾಗಿರಿಸುವ ಪಟ್ಟಿಯನ್ನು ರಾತ್ರಿ ಧರಿಸಿ ಮಲಗಬೇಕು. ಸುಮಾರು ಆರು ವಾರ ಬಿಡದೆ ಮುಂದುವರಿಸಬೇಕು. ಪಟ್ಟಿಗೆ ಕೂಲಿ ಕಳೆದುಕೊಳ್ಳುವ ಅಗತ್ಯವಿಲ್ಲವೆಂಬುದು ಇದರ ಅನುಕೂಲ.

ಎರಡನೆಯದು ಚಲನೆಯನ್ನು ಮರಳಿ ತರುವುದು. ಬೆರಳುಗಳನ್ನು ನೇರ ಚಾಚುವುದು, ಕೊಕ್ಕೆಯಂತೆ ಮಡಚುವುದು, ಮುಷ್ಟಿ ಕಟ್ಟುವುದು, ಮತ್ತೆ ಚಾಚುವುದು, ಇಂತಹ ನಿಧಾನವಾದ ವ್ಯಾಯಾಮಗಳಿಂದ ಎಳೆಗಳು ಪೊರೆಯೊಳಗೆ ಸಲೀಸಾಗಿ ಜಾರತೊಡಗುತ್ತವೆ.

ಮೂರನೆಯದು ಬಲ ತುಂಬುವುದು. ಮೊಣಕೈ ನೋವಿನಲ್ಲಿ ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಮಣಿಕಟ್ಟನ್ನು ನಿಧಾನವಾಗಿ ಇಳಿಸುವುದು, ಇನ್ನೊಂದು ಕೈಯಿಂದ ಮೇಲಕ್ಕೆತ್ತಿಕೊಳ್ಳುವುದು ಇದಕ್ಕೆ ಉದಾಹರಣೆ. ಇದರ ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕಾಗುತ್ತದೆ. ಎರಡು ದಿನ ಮಾಡಿ ಗುಣ ಕಾಣಲಿಲ್ಲವೆಂದು ಬಿಟ್ಟರೆ ಪ್ರಯೋಜನವಿಲ್ಲ. ವ್ಯಾಯಾಮಗಳನ್ನು ತಜ್ಞರು ತೋರಿಸಿಕೊಟ್ಟ ಮೇಲೆಯೇ ಆರಂಭಿಸಬೇಕು.

ನೋವು ನಿವಾರಕ ಮಾತ್ರೆಯನ್ನು ನುಂಗಿ ಅದೇ ವೇಗದಲ್ಲಿ ದುಡಿದರೆ ನೋವು ಮರೆಯಾಗುತ್ತದೆ, ಗಾಯ ಬೆಳೆಯುತ್ತದೆ. ಊದಿದ ಜಾಗವನ್ನು ಬಲವಾಗಿ ತಿಕ್ಕಿಸುವುದು, ಬರೆ ಹಾಕಿಸುವುದು ಅಪಾಯಕರ. ಕೆಲವು ಪ್ರಕರಣಗಳಲ್ಲಿ ಚುಚ್ಚುಮದ್ದು ಅಥವಾ ಶಸ್ತ್ರಚಿಕಿತ್ಸೆ ಅಗತ್ಯವಾಗಬಹುದು. ಅದನ್ನು ವೈದ್ಯರು ನಿರ್ಧರಿಸುತ್ತಾರೆ.

ಕೆಲಸದ ಜಾಗದಲ್ಲಿಯೇ ತಡೆ

ಕಾರ್ಖಾನೆಯ ಕಾರ್ಮಿಕರಿಗೆ ವಿಶ್ರಾಂತಿಯ ಬಿಡುವು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ನಿಯಮವಾಗಿದೆ. ಮನೆಯಲ್ಲಿ ಕುಳಿತು ಕಟ್ಟುವವರಿಗೆ ಬಿಡುವಿನ ಗಂಟೆ ಬಾರಿಸುವವರಿಲ್ಲ. ಆದ್ದರಿಂದ ಸಲಹೆಗಳು ಕೂಲಿಗೆ ಧಕ್ಕೆಯಾಗದಂತೆ ಇರಬೇಕು.

ಬೀಡಿ ಕಟ್ಟುವವರು ಎಲೆಗಳನ್ನು ಚೆನ್ನಾಗಿ ನೆನೆಸಿ ಮೆತ್ತಗಾಗಿಸಿಕೊಂಡರೆ ಬೆರಳಿಗೆ ಕಡಿಮೆ ಬಲ ಸಾಕಾಗುತ್ತದೆ. ಕತ್ತರಿಯನ್ನು ಆಗಾಗ ಸಾಣೆ ಹಿಡಿಸಿ, ಅದರ ಹಿಡಿಗೆ ಬಟ್ಟೆ ಸುತ್ತಬೇಕು. ಎಲ್ಲ ಎಲೆಗಳನ್ನೂ ಒಮ್ಮೆಗೇ ಕತ್ತರಿಸುವ ಬದಲು ಸ್ವಲ್ಪ ಕತ್ತರಿಸಿ, ಸ್ವಲ್ಪ ಸುತ್ತಿ ಕೆಲಸ ಬದಲಿಸುತ್ತಿರಬೇಕು. ಗೋಡೆಗೆ ಬೆನ್ನು ಕೊಟ್ಟು, ಮಡಚಿದ ಕೌದಿಯ ಮೇಲೆ ಕುಳಿತು, ಮೊರವನ್ನು ಸಣ್ಣ ಮಣೆಯ ಮೇಲಿಟ್ಟರೆ ಕತ್ತು ಬಾಗುವುದು ತಗ್ಗುತ್ತದೆ. ಅರ್ಧ ಗಂಟೆಗೊಮ್ಮೆ ಒಂದು ನಿಮಿಷ ಬೆರಳು ಚಾಚಿ ಹೆಗಲು ತಿರುಗಿಸಿದರೆ, ಎಂಟು ಗಂಟೆಗಳಲ್ಲಿ ಹೋಗುವುದು ಹದಿನಾರು ನಿಮಿಷ ಮಾತ್ರ.

ಚಪ್ಪಲಿ ಕುಶಲಕರ್ಮಿಗಳು ಉಪಕರಣಗಳ ಹಿಡಿಯನ್ನು ದಪ್ಪವಾಗಿಸಿಕೊಂಡು, ಕೆಲಸದ ಹಲಗೆಯನ್ನು ಎತ್ತರಿಸಿಕೊಳ್ಳಬೇಕು. ಚರ್ಮ ಬಡಿಯುವುದು, ಹೆಣೆಯುವುದು, ಹೊಲಿಯುವುದನ್ನು ಸರದಿಯಂತೆ ಬದಲಿಸಿಕೊಳ್ಳುವುದು ಲೇಸು. ಕಬ್ಬು ಕಟಾವಿನವರು ಕೊಯ್ತಾವನ್ನು ಹರಿತವಾಗಿಟ್ಟು, ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ, ಹೊರೆಗಳನ್ನು ಚಿಕ್ಕದಾಗಿ ಕಟ್ಟಿ ಇಬ್ಬರು ಸೇರಿ ಎತ್ತಬೇಕು.

ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

1. ಆಶಾ ಕಾರ್ಯಕರ್ತೆಯರ ಮೂಲಕ ವಾರ್ಡುವಾರು ಬೀಡಿ, ಚಪ್ಪಲಿ ಮತ್ತು ಕಟಾವು ಕೆಲಸದವರ ಪಟ್ಟಿ ತಯಾರಿಸಿ, ಕೈನೋವು ಇರುವವರನ್ನು ಗುರುತಿಸುವುದು. ಹಂಗಾಮಿನಲ್ಲಿ ಹೊರಗಿನಿಂದ ಬಂದು ಗುಡಿಸಲುಗಳಲ್ಲಿ ತಂಗುವ ಕಟಾವು ಕುಟುಂಬಗಳನ್ನೂ ಸೇರಿಸಿಕೊಳ್ಳುವುದು.

2. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ವಿಷಯ ಮಂಡಿಸಿ, ಫಿಸಿಯೋಥೆರಪಿ ಶಿಬಿರಕ್ಕಾಗಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಠರಾವಿನೊಂದಿಗೆ ಪತ್ರ ಬರೆಯುವುದು. ಬೆಳಗಾವಿಯ ಫಿಸಿಯೋಥೆರಪಿ ಮಹಾವಿದ್ಯಾಲಯಗಳನ್ನೂ ತಂಡ ಕಳುಹಿಸುವಂತೆ ಕೋರಬಹುದು.

3. ಶಿಬಿರವನ್ನು ಸಂತೆಯ ದಿನ ಮತ್ತು ಬೀಡಿ ಒಪ್ಪಿಸುವ ವೇಳೆಯನ್ನು ಬಿಟ್ಟು ಏರ್ಪಡಿಸುವುದು. ಮಹಿಳೆಯರ ಪರೀಕ್ಷೆಗೆ ಪ್ರತ್ಯೇಕ ಕೊಠಡಿ ಒದಗಿಸುವುದು. ವ್ಯಾಯಾಮದ ಚಿತ್ರಫಲಕಗಳನ್ನು ಅಗತ್ಯವಿರುವಲ್ಲಿ ಮರಾಠಿಯಲ್ಲಿಯೂ ಹಾಕುವುದು.

4. ಒಂದೇ ಶಿಬಿರಕ್ಕೆ ನಿಲ್ಲಿಸದೆ ಎರಡು ವಾರ ಮತ್ತು ಆರು ವಾರಗಳ ನಂತರ ಮರುಪರೀಕ್ಷೆ ನಿಗದಿಪಡಿಸುವುದು. ಮೊದಲ ದಿನವೇ ಈ ದಿನಾಂಕಗಳನ್ನು ಚೀಟಿಯಲ್ಲಿ ಬರೆದುಕೊಡುವುದು.

5. ಬೀಡಿ ಕಾರ್ಮಿಕರ ಗುರುತಿನ ಚೀಟಿ ಇಲ್ಲದವರನ್ನು ಪಟ್ಟಿ ಮಾಡಿ ಅರ್ಜಿ ಸಲ್ಲಿಸಲು ನೆರವಾಗುವುದು. 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯ್ದೆಯಿಂದ ಆರಂಭವಾದ ವೈದ್ಯಕೀಯ ಸೌಲಭ್ಯಗಳಿಗೆ ಈ ಚೀಟಿಯೇ ಆಧಾರ.

6. ಸ್ವಸಹಾಯ ಸಂಘಗಳ ಸಭೆಯ ಆರಂಭದಲ್ಲಿ ಐದು ನಿಮಿಷ ಕೈ ಮತ್ತು ಕತ್ತಿನ ವ್ಯಾಯಾಮವನ್ನು ರೂಢಿಗೆ ತರುವುದು.

ಇವುಗಳಲ್ಲಿ ಬಹುತೇಕ ಕ್ರಮಗಳಿಗೆ ದೊಡ್ಡ ಅನುದಾನದ ಅಗತ್ಯವಿಲ್ಲ. ತಾಲ್ಲೂಕು ಆಸ್ಪತ್ರೆಗೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕಾದವರಿಗೆ ಊರಿನಲ್ಲಿಯೇ ದೊರೆಯುವ ಅರ್ಧ ಗಂಟೆಯ ತಪಾಸಣೆ ದೊಡ್ಡ ನೆರವು. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಮೊದಲಿಗೆ ಪಟ್ಟಿ ತಯಾರಿಕೆಯ ದಿನಾಂಕವನ್ನು ಸದಸ್ಯರು ನಿಗದಿಪಡಿಸುವುದು ಸೂಕ್ತ.