ಊಟ ಬಲ್ಲವನಾಗಲು ಹೊರಟವನು

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ಮನೆಯ ಊಟವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳಿದಂತಿದೆ. ಹೊರಗೆ ಉಣ್ಣುವ ಪ್ರಸಂಗಗಳು ಅವರಿಗೆ ಜಾತ್ರೆ, ಮದುವೆ, ಪ್ರಯಾಣಗಳಿಗೆ ಸೀಮಿತವಾಗಿದ್ದವು. ಊರು ಬಿಟ್ಟು ದೆಹಲಿಯನ್ನು ಸೇರಿದ ಕನ್ನಡಿಗನಿಗಾದರೋ ಹೊರಗಿನ ಊಟ ತಪ್ಪಿದ್ದಲ್ಲ. ಹಾಗಿರುವಾಗ ಊಟವನ್ನೇ ವಿದ್ಯೆಯಾಗಿ ಆರಿಸಿಕೊಂಡವನ ಪಾಡೇನು?

ರೋಹಿಣಿಯಲ್ಲಿ ನೆಲೆಸಿರುವ ತುಮಕೂರು ಕಡೆಯ ಕುಟುಂಬವೊಂದರ ಮಗನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ದೆಹಲಿ ಅಭಿವೃದ್ಧಿ ಪ್ರಾಧಿಕಾರದ 1981ರ ವಸತಿ ಯೋಜನೆಯಿಂದ ಬೆಳೆದ ಈ ಉಪನಗರವು ಬಹುಕಾಲ ನಗರದ ಅಂಚಿನ ಊರೆಂದೇ ಎನಿಸಿಕೊಂಡಿತ್ತು. 2004ರಲ್ಲಿ ರಿಠಾಲಾದವರೆಗೆ ಮೆಟ್ರೋ ರೈಲು ಬಂದ ಮೇಲೆ ದೆಹಲಿಯ ಅಡುಗೆಮನೆಗಳೆಲ್ಲ ಹತ್ತಿರವಾದವು. ಹುಡುಗ ಪಾಕಶಾಸ್ತ್ರದ ವಿದ್ಯಾರ್ಥಿ. ದೆಹಲಿಗೆ ಈ ವಿದ್ಯೆ ಹೊಸತೇನೂ ಅಲ್ಲ. ಪೂಸಾದ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ 1962ರಷ್ಟು ಹಿಂದೆಯೇ ಸ್ಥಾಪನೆಯಾಯಿತು. ಅದರ ಪೂರ್ಣ ಹೆಸರಿನಲ್ಲಿ ಪೋಷಣಶಾಸ್ತ್ರವೂ ಸೇರಿಕೊಂಡಿದೆ ಎಂಬುದು ಗಮನಿಸತಕ್ಕ ವಿಷಯ.

ಅವನ ಮೊದಲ ಪಾಠ ಮನೆಯ ಸಮೀಪದ ಛೋಲೆ-ಭಟೂರೆ ಅಂಗಡಿಯಲ್ಲಿ ನಡೆಯಿತು. 1947ರ ದೇಶವಿಭಜನೆಯ ತರುವಾಯ ಪಶ್ಚಿಮ ಪಂಜಾಬಿನಿಂದ ಬಂದ ನಿರಾಶ್ರಿತರು ದೆಹಲಿಯ ನಾಲಗೆಯನ್ನೇ ಬದಲಾಯಿಸಿದರು. ರಾತ್ರಿ ನೆನೆಸಿದ ಕಡಲೆಗೆ ಚಹಾಪುಡಿಯ ಗಂಟನ್ನೋ ಒಣ ನೆಲ್ಲಿಯನ್ನೋ ಹಾಕಿ ಬೇಯಿಸಿದರೆ ಆ ಕಪ್ಪು ಬಣ್ಣ ಬರುತ್ತದೆ. ಮೈದಾಹಿಟ್ಟನ್ನು ಮೊಸರಿನಲ್ಲಿ ಕಲಸಿ ಹುಳಿಯಲು ಬಿಟ್ಟರೆ ಭಟೂರೆ ಉಬ್ಬುತ್ತದೆ. ಹುಡುಗ ರುಚಿ ನೋಡುವುದಕ್ಕೂ ಮುಂಚೆ ಬಾಣಲೆಯನ್ನು ನೋಡಲು ಕಲಿತ. ಮತ್ತೆಮತ್ತೆ ಕಾಯಿಸಿದ ಎಣ್ಣೆ ಕಪ್ಪಾಗುತ್ತದೆ, ಅಂಟಾಗುತ್ತದೆ, ನೊರೆ ಕಟ್ಟುತ್ತದೆ, ಬೇಗನೆ ಹೊಗೆಯಾಡುತ್ತದೆ. ಕೆಟ್ಟ ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇಕಡ 25ನ್ನು ಮೀರಿದರೆ ಆ ಎಣ್ಣೆಯನ್ನು ಬಳಸಕೂಡದೆಂದು 2018ರ ಜುಲೈ 1ರಿಂದ ನಿಯಮವೇ ಇದೆ. ಬೀದಿಯಲ್ಲಿ ನಿಂತು ಅದನ್ನು ಅಳೆಯುವವರು ಯಾರು? ಕಣ್ಣು ಮೂಗುಗಳೇ ಗಿರಾಕಿಯ ಮಾಪಕಗಳು.

ಚಳಿಗಾಲದಲ್ಲಿ ಸಾಸಿವೆಸೊಪ್ಪಿನ ಸಾಗ್ ತಿಂದಾಗ ಅವನಿಗೆ ಮನೆಯ ಮಸ್ಸೊಪ್ಪಿನ ನೆನಪಾಯಿತು. ಸೊಪ್ಪನ್ನು ಬೇಯಿಸಿ ಮಸೆಯುವ ಕ್ರಮ ಎರಡರಲ್ಲಿಯೂ ಒಂದೇ. ನಾವು ಬೇಳೆ ಸೇರಿಸುವಲ್ಲಿ ಪಂಜಾಬಿಗಳು ಜೋಳದ ಹಿಟ್ಟನ್ನು—ಅವರ ಮಕ್ಕಿ, ನಮ್ಮ ಮುಸುಕಿನ ಜೋಳ—ಉದುರಿಸುತ್ತಾರೆ. ಆಂಧ್ರ ಭವನದ ಪುಡಿ-ತುಪ್ಪದ ಅನ್ನ, ಚಿತ್ತರಂಜನ್ ಪಾರ್ಕಿನ ಬಂಗಾಳಿ ಮೀನು, ಲಾಜಪತ್ ನಗರದ ಅಫ್ಘನ್ ನಾನ್ ಎಲ್ಲವೂ ಅವನ ಟಿಪ್ಪಣಿ ಪುಸ್ತಕವನ್ನು ಸೇರಿದವು. ಆದರೆ ಅವನ ಮನಸ್ಸು ನೆಟ್ಟದ್ದು ಯಮುನೆಯ ದಡದ ಮಜ್ನೂ ಕಾ ಟೀಲಾದಲ್ಲಿ. ಅಲ್ಲಿಯ ಟಿಬೆಟನ್ ವಸತಿಯ ಮೋಮೋ ಅವನ ಕಣ್ಣಿಗೆ ನಮ್ಮ ಕಡುಬಿನ ದಾಯಾದಿಯಂತೆ ಕಂಡಿತು. ಹಬೆಯಿಂದ ಬಿಸಿಬಿಸಿಯಾಗಿ ಇಳಿದ ಮೋಮೋದಲ್ಲಿ ಅಪಾಯ ಕಡಿಮೆ. ಅದರ ಪಕ್ಕದ ಬಟ್ಟಲಿನ ಹಸಿ ಚಟ್ನಿ ಹಾಗಲ್ಲ. ಯಾವ ನೀರಿನಲ್ಲಿ ಅರೆದದ್ದು, ಎಷ್ಟು ಹೊತ್ತಿನಿಂದ ತೆರೆದಿಟ್ಟದ್ದು ಎಂಬುದು ತಿನ್ನುವವನಿಗೆ ತಿಳಿಯದು. ಗೋಲ್‌ಗಪ್ಪೆಯದೂ ಇದೇ ನ್ಯಾಯ: ಕರಿದ ಪೂರಿ ನಿರಪರಾಧಿ, ಅದರೊಳಗಿನ ನೀರು ಅನುಮಾನಾಸ್ಪದ.

ಇಷ್ಟೆಲ್ಲ ತಿಳಿದವನೇ ಒಂದು ಮಳೆಗಾಲದಲ್ಲಿ ಹಾಸಿಗೆ ಹಿಡಿದ. ಜ್ವರ, ವಾಕರಿಕೆ, ಅನ್ನ ಕಂಡರೆ ಹೇವರಿಕೆ. ನಾಲ್ಕನೆಯ ದಿನ ಕಣ್ಣು ಹಳದಿಯಾಯಿತು. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ‘ಇ’ ಎಂದು ತಿಳಿದುಬಂತು. ಮನೆಯಲ್ಲಿ ಹೆರಿಗೆಗೆಂದು ತವರಿಗೆ ಬಂದಿದ್ದ ಅಕ್ಕ ಎಂಟು ತಿಂಗಳ ಗರ್ಭಿಣಿ. ಈ ಕಾಮಾಲೆ ಸಾಮಾನ್ಯವಾಗಿ ತಾನಾಗಿ ಗುಣವಾಗುವಂಥದ್ದಾದರೂ ಗರ್ಭದ ಕೊನೆಯ ಮೂರು ತಿಂಗಳಲ್ಲಿರುವ ಸ್ತ್ರೀಯರಿಗೆ ಪ್ರಾಣಾಂತಿಕವಾಗಬಲ್ಲದು. ಮನೆಮಂದಿಯ ಎದೆ ನಡುಗಿತು.

“ಆ ಟಿಬೆಟ್ಟಿನವರ ಅಂಗಡಿಗೆ ಹೋಗಬೇಡವೆಂದು ಎಷ್ಟು ಸಲ ಹೇಳಿದೆ!” ಎಂದು ತಾಯಿ ಅತ್ತರು.

ವೈದ್ಯರು ಬೇರೆಯೇ ಲೆಕ್ಕವನ್ನು ಮುಂದಿಟ್ಟರು. ಈ ವೈರಾಣು ದೇಹವನ್ನು ಹೊಕ್ಕ ಮೇಲೆ ರೋಗ ಕಾಣಿಸಿಕೊಳ್ಳಲು ಎರಡರಿಂದ ಹತ್ತು ವಾರಗಳು ಬೇಕು. ನಿನ್ನೆ ತಿಂದ ಅಂಗಡಿಯನ್ನು ಶಪಿಸಿ ಪ್ರಯೋಜನವಿಲ್ಲ. ತಿಂಗಳ ಹಿಂದೆ ಎಲ್ಲಿಯೋ ಕುಡಿದ ಒಂದು ಲೋಟ ನೀರೇ ಕಾರಣವಿರಬಹುದು. ಇದು ಪ್ರಧಾನವಾಗಿ ಮಲಿನ ನೀರಿನ ರೋಗ. 1955ರ ಡಿಸೆಂಬರಿನಿಂದ 1956ರ ಜನವರಿಯವರೆಗೆ ದೆಹಲಿಯಲ್ಲಿ ಸುಮಾರು 29,000 ಜನ ಕಾಮಾಲೆಗೆ ತುತ್ತಾದರು. ನಜಫ್‌ಗಢದ ಚರಂಡಿಯ ಕೊಳಚೆ, ವಜೀರಾಬಾದಿನಲ್ಲಿ ಯಮುನೆಯಿಂದ ನಗರಕ್ಕೆ ನೀರೆತ್ತುವ ಸ್ಥಳವನ್ನೇ ಸೇರಿಬಿಟ್ಟಿತ್ತು. ಆ ವ್ಯಾಧಿ ಹೆಪಟೈಟಿಸ್ ‘ಇ’ ಎಂದು ವಿಜ್ಞಾನಿಗಳು ಗುರುತಿಸಿದ್ದು ದಶಕಗಳ ಅನಂತರ. ಅಂದು ಬೇನೆ ಬಿದ್ದವರು ತಮ್ಮ ಮನೆಯ ನಲ್ಲಿಯ ನೀರನ್ನು ಕುಡಿದವರು, ಬೀದಿಯ ತಿಂಡಿಯನ್ನು ತಿಂದವರಲ್ಲ.

ಹುಡುಗನಿಗೆ ವಿಶೇಷ ಔಷಧವೇನೂ ಬೇಕಾಗಲಿಲ್ಲ. ವಿಶ್ರಾಂತಿ, ಸಾಕಷ್ಟು ನೀರು, ಒಗ್ಗುವಷ್ಟು ಸಾಧಾರಣ ಊಟ, ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನುಂಗದಿರುವುದು, ಇಷ್ಟೇ. ಊರಿನಿಂದ ನಾಟಿ ಮದ್ದು ತರಿಸುವ, ಎಣ್ಣೆ-ಅರಿಸಿನಗಳನ್ನು ಬಿಡಿಸುವ ಸಲಹೆಗಳು ಫೋನಿನಲ್ಲಿ ಧಾರಾಳವಾಗಿ ಬಂದವು. ತಂದೆ ಎಲ್ಲವನ್ನೂ ಸೌಜನ್ಯದಿಂದ ಕೇಳಿಸಿಕೊಂಡು ಸುಮ್ಮನಾದರು. ಒಬ್ಬರಿಂದೊಬ್ಬರಿಗೆ ಇದು ಹರಡುವುದು ವಿರಳವೆಂದು ವೈದ್ಯರು ಹೇಳಿದರೂ ಅಕ್ಕನಿಗೆ ಪ್ರತ್ಯೇಕ ಶೌಚಾಲಯ ಏರ್ಪಾಡಾಯಿತು. ಮನೆಯ ಕುಡಿಯುವ ನೀರೆಲ್ಲ ಕುದಿದು ಆರತೊಡಗಿತು. ಅಕ್ಕ ಕ್ಷೇಮವಾಗಿ ಹೆತ್ತಳು.

ಚೇತರಿಸಿಕೊಳ್ಳುತ್ತಿದ್ದ ಹುಡುಗ ಅಡುಗೆಮನೆಯ ಬಾಗಿಲಲ್ಲಿ ಕುಳಿತು ನೋಡುತ್ತಿದ್ದ. ತಾಯಿ ಸ್ನಾನ ಮಾಡದೆ ಒಲೆ ಮುಟ್ಟುವವರಲ್ಲ. ಅವರ ಮಡಿಗೆ ಹೆಸರಿಡುವಂತಿರಲಿಲ್ಲ. ಆದರೂ ಒಂದು ಬೆಳಗ್ಗೆ ಅವನು ಕೇಳಿದ: “ಅಮ್ಮ, ಚಿತ್ರಾನ್ನಕ್ಕೆ ತೆಗೆದುಕೊಂಡ ಆ ಅನ್ನ ರಾತ್ರಿಯೆಲ್ಲ ಎಲ್ಲಿತ್ತು?”

“ಇನ್ನೆಲ್ಲಿರುತ್ತದೆ? ಕಟ್ಟೆಯ ಮೇಲೆ. ಮುಚ್ಚಿಟ್ಟಿದ್ದೆನಲ್ಲ!”

ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಕುದಿಯುವ ನೀರಿಗೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಹೊರಗಿದ್ದರೆ, ಅದರಲ್ಲಿಯೂ ದೆಹಲಿಯ ಬೇಸಿಗೆಯಲ್ಲಿ, ಅವು ಮೊಳೆತು ವಾಂತಿ ತರಿಸುವ ವಿಷವನ್ನು ಉತ್ಪತ್ತಿ ಮಾಡುತ್ತವೆ. ಆ ವಿಷ ಒಗ್ಗರಣೆಯ ಕಾವಿಗೆ ಬಗ್ಗುವಂಥದ್ದಲ್ಲ. ಬೇಯಿಸಿದ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ಎರಡು ಗಂಟೆಗಿಂತ ಹೆಚ್ಚು ನಡುವೆ ನಿಲ್ಲಬಾರದು. ತರಗತಿಯಲ್ಲಿ ಬಾಯಿಪಾಠವಾಗಿದ್ದ ಈ ನಿಯಮವನ್ನು ಹುಡುಗ ತಾಯಿಯ ಮುಂದೆ ಹೇಳುವಾಗ ತಡವರಿಸಿದ. ಇಪ್ಪತ್ತೈದು ವರ್ಷ ಮನೆಗೆ ಉಣಬಡಿಸಿದ ಕೈಗೆ ಪಾಠ ಹೇಳುವುದು ಸುಲಭವೇ?

ತಾಯಿ ಎರಡು ದಿನ ಮುನಿಸಿಕೊಂಡಿದ್ದರು. ಮೂರನೆಯ ರಾತ್ರಿ ಮಿಕ್ಕ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಆರಿದೊಡನೆ ಫ್ರಿಜ್ಜಿಗೆ ಸೇರಿಸಿದರು. ಆ ವಿಷಯವಾಗಿ ಯಾರೂ ಮಾತೆತ್ತಲಿಲ್ಲ.

ದೀಪಾವಳಿಯ ಹೊತ್ತಿಗೆ ಹುಡುಗ ಪೂರ್ಣ ಗುಣವಾಗಿದ್ದ. ಒಂದು ಭಾನುವಾರ ತಾಯಿಯೇ ಮಜ್ನೂ ಕಾ ಟೀಲಾವನ್ನು ನೋಡಬೇಕೆಂದರು. ಕಾಶ್ಮೀರಿ ಗೇಟಿನಲ್ಲಿ ರೈಲು ಬದಲಿಸಿ ಇಬ್ಬರೂ ಹೋದರು. ಹಬೆಪಾತ್ರೆಯಿಂದ ಆಗತಾನೆ ಇಳಿದ ತರಕಾರಿ ಮೋಮೋ ಬಂತು. ಮಗ ಬಟ್ಟಲಿನ ಕೆಂಪು ಚಟ್ನಿಯನ್ನು ಪಕ್ಕಕ್ಕೆ ಸರಿಸಿದ. ತಾಯಿ ಏನನ್ನೂ ಕೇಳಲಿಲ್ಲ. ಕೈಚೀಲದಿಂದ ಕಾದಾರಿದ ನೀರಿನ ಬಾಟಲಿಯನ್ನು ತೆಗೆದಿಟ್ಟು, ಅದರ ಹಿಂದೆಯೇ ಮನೆಯ ಚಟ್ನಿಪುಡಿಯ ಡಬ್ಬಿಯನ್ನೂ ತೆಗೆದರು.