ಕೆಂಡದ ಕಂಪು, ಲಿಂಬೆಯ ಹುಳಿ: ಬಣ್ಣ ಬೇಡದ ಸುಟ್ಟಡುಗೆ

ಜತ್ತ ತಾಲೂಕು ಮಳೆಯ ಕೊರತೆಯ ಸೀಮೆಯಾದರೂ ರುಚಿಗೆ ಬರಗಾಲ ಕಂಡುದಲ್ಲ. ಹಿಂಗಾರಿ ಜೋಳ ಎಳೆಗಾಳು ಕಟ್ಟುವ ಹೊತ್ತಿಗೆ ಹೊಲದ ಬದುವಿನಲ್ಲಿ ಕುಳ್ಳಿನ ಕೆಂಡ ಸಿದ್ಧವಾಗುತ್ತದೆ. ಹಸಿ ತೆನೆ ಅದರಲ್ಲಿ ಸುಟ್ಟು ಸೀತನಿಯಾಗುತ್ತದೆ. ಅದೇ ಕೆಂಡದಲ್ಲಿ ಬದನೆಕಾಯಿ ಬೆಂದು ಭರ್ತವಾಗುತ್ತದೆ. ಬೆಂಕಿ, ಉಪ್ಪು, ಹುಳಿ, ಹಸಿರು ಸೊಪ್ಪು ಈ ನಾಲ್ಕನ್ನೇ ನಂಬಿದ ಅಡುಗೆ ನಮ್ಮದು. ಇದಕ್ಕೆ ಪಾಕೀಟಿನ ಮಸಾಲೆಯಾಗಲಿ, ಡಬ್ಬಿಯ ಬಣ್ಣವಾಗಲಿ ಎಂದೂ ಬೇಕಾಗಿರಲಿಲ್ಲ.

ಇಂದು ಜಾತ್ರೆಯ ಅಂಗಡಿಗಳಲ್ಲಿ, ಬಸ್‌ನಿಲ್ದಾಣದ ಗಾಡಿಗಳಲ್ಲಿ ಮಕ್ಕಳ ಕಣ್ಣನ್ನು ಮೊದಲು ಸೆಳೆಯುವುದು ಕೆಂಡದಂತೆ ಕೆಂಪಾದ ಕಬಾಬು ಮತ್ತು ಗೋಬಿ. ಕರ್ನಾಟಕ ಸರಕಾರವು 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಹಾಗೂ ಬಾಂಬೆ ಮಿಠಾಯಿಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಜೂನ್‌ನಲ್ಲಿ ಕಬಾಬುಗಳಿಗೂ ಆ ನಿಷೇಧವನ್ನು ವಿಸ್ತರಿಸಿತು. ಪರೀಕ್ಷೆಗೆ ಒಳಪಡಿಸಿದ ಕಬಾಬಿನ 39 ಮಾದರಿಗಳಲ್ಲಿ 8 ಅಸುರಕ್ಷಿತವೆಂದು ಕಂಡುಬಂದಿದ್ದವು. ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿ ಎಂಬುದು ಬಟ್ಟೆಗೆ ಹಾಕುವ ಬಣ್ಣ. ಆಹಾರದಲ್ಲಿ ಅದಕ್ಕೆ ಎಲ್ಲಿಯೂ ಅನುಮತಿಯಿಲ್ಲ. ಆ ಆದೇಶ ಗಡಿಯಾಚೆಯದು, ನಿಜ. ಆದರೆ ಗಡಿ ದಾಟಿದ ಮಾತ್ರಕ್ಕೆ ಬಣ್ಣದ ಗುಣ ಬದಲಾಗುವುದಿಲ್ಲ. ನಮ್ಮ ಮಕ್ಕಳು ಇಲ್ಲಿಯ ಜಾತ್ರೆಯಲ್ಲಿಯೂ ತಿನ್ನುತ್ತಾರೆ, ವಿಜಯಪುರ, ಅಥಣಿಗಳ ಪೇಟೆಯಲ್ಲಿಯೂ ತಿನ್ನುತ್ತಾರೆ.

ಸೇರಿಕೆಯೆಲ್ಲವೂ ವಿಷವೆಂದು ಹೆದರಿಸುವುದು ಸರಿಯಲ್ಲ. ಕಾನೂನು ಒಪ್ಪಿದ ಪದಾರ್ಥಗಳಿಗೆ ಮಿತಿಯಿದೆ. ಪಾಕೀಟಿನ ಮೇಲೆ 102, 110, 124 ಎಂದಿದ್ದರೆ ಅವು ಕೃತಕ ಬಣ್ಣಗಳು. 211 ಕೆಡದಂತೆ ಕಾಯುವ ಸೋಡಿಯಂ ಬೆಂಜೋಯೇಟ್. 621 ರುಚಿ ಹೆಚ್ಚಿಸುವ ಅಜಿನೊಮೊಟೊ. ಪಾಕೀಟಿನ ಬರಹ ಕನ್ನಡದಲ್ಲಿ ಇಲ್ಲದಿದ್ದರೂ ಅಂಕಿಗಳನ್ನು ಮೂರನೆಯ ತರಗತಿಯ ಮಗುವೂ ಓದಬಲ್ಲದು. ಗೆರೆ ಎಳೆದು ಗುರುತಿಸಲು ಅದಕ್ಕೆ ಕಲಿಸಿರಿ.

ಲಿಂಬೆ ಏಕೆ?

ಇಂಡಿಯ ಲಿಂಬೆ ನಮಗೆ ನೆರೆಮನೆಯದು; ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು. ಅದರ ಕೆಲಸ ಎರಡು. ಮೊದಲನೆಯದು ರುಚಿಯದು: ಹುಳಿಯಿದ್ದಲ್ಲಿ ಉಪ್ಪು ಕಡಿಮೆಯಾದರೂ ನಾಲಿಗೆಗೆ ಸಪ್ಪೆಯೆನಿಸದು. ಎರಡನೆಯದು ಆರೋಗ್ಯದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67.1ರಷ್ಟು, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಜೋಳ, ಸಜ್ಜೆ, ಸೊಪ್ಪುಗಳಲ್ಲಿ ಕಬ್ಬಿಣದ ಅಂಶವಿದ್ದರೂ ಕಾಳಿನಲ್ಲಿರುವ ಫೈಟೇಟ್ ಅದನ್ನು ದೇಹಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಲಿಂಬೆಯ ‘ಸಿ’ ಜೀವಸತ್ವ ಆ ಬಿಗಿಯನ್ನು ಸಡಿಲಿಸುತ್ತದೆ. ಆದರೆ ಈ ಜೀವಸತ್ವ ಕಾವಿಗೆ ನಾಶವಾಗುವಂಥದು. ಆದುದರಿಂದ ಲಿಂಬೆಯನ್ನು ಒಲೆಯ ಮೇಲಲ್ಲ, ತಟ್ಟೆಯ ಮೇಲೆ ಹಿಂಡಬೇಕು. ಊಟದೊಡನೆ ಚಹಾ ಕುಡಿದರೆ ಈ ಲಾಭ ಕುಗ್ಗುತ್ತದೆ ಎಂಬುದೂ ನೆನಪಿರಲಿ.

ಸುಟ್ಟ ಬದನೆಯ ಭರ್ತ

ಐವರಿಗೆ ಒಂದು ಕಿಲೋ ಜವಾರಿ ಬದನೆಕಾಯಿ ಸಾಕು. ಗಾತ್ರಕ್ಕೆ ಹಗುರಾದುದನ್ನೇ ಆರಿಸಿರಿ. ಅದರಲ್ಲಿ ಬೀಜ ಕಡಿಮೆ. ಉದ್ದಕ್ಕೆ ಒಂದು ಸೀಳು ಹಾಕಿ ಹುಳವಿಲ್ಲವೆಂದು ನೋಡಿ, ಶೇಂಗಾ ಎಣ್ಣೆ ಸವರಿ, ಸೀಳಿನೊಳಗೆ ಬೆಳ್ಳುಳ್ಳಿಯ ಎಸಳುಗಳನ್ನು ತುರುಕಿರಿ. ಉರಿ ಇಳಿದು ಬೂದಿ ಕವಿದ ಕೆಂಡದಲ್ಲಿ ಹದಿನೈದು ನಿಮಿಷ ಹೊರಳಿಸಿ ಸುಡಿರಿ. ಗ್ಯಾಸಿನ ಒಲೆಯಾದರೆ ಹದ ಉರಿ ಸಾಕು. ಕೆಂಡಕ್ಕೆ ಪ್ಲಾಸ್ಟಿಕ್ಕನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಸೋಕಿಸಬೇಡಿರಿ.

ಸುಟ್ಟ ಕಾಯಿಯನ್ನು ಐದು ನಿಮಿಷ ಮುಚ್ಚಿಟ್ಟರೆ ಸಿಪ್ಪೆ ತಾನಾಗಿ ಬಿಡುತ್ತದೆ. ಕರಿಕಾದ ಸಿಪ್ಪೆಯನ್ನೆಲ್ಲ ತೆಗೆದು ತಿರುಳನ್ನು ಕಟ್ಟಿಗೆಯ ಸೌಟಿನಿಂದ ಮಿದಿಯಿರಿ. ಸುಟ್ಟ ಹಸಿಮೆಣಸಿನಕಾಯಿ ನಾಲ್ಕು, ಹೆಚ್ಚಿದ ಉಳ್ಳಾಗಡ್ಡಿ ಒಂದು, ಶೇಂಗಾ ಪುಡಿ ಎರಡು ಚಮಚ, ಉಪ್ಪು, ಹಿಡಿತುಂಬ ಕೊತ್ತಂಬರಿ, ಕೊನೆಗೆ ಒಂದು ಲಿಂಬೆಯ ರಸ. ಬಿಸಿ ಜೋಳದ ರೊಟ್ಟಿಗೆ ಇದೇ ಮುಖ್ಯ ಪದಾರ್ಥ, ಪಕ್ಕದ ವ್ಯಂಜನವಲ್ಲ.

ಬಣ್ಣವಿಲ್ಲದ ಕೆಂಪು

ಕೆಂಪೇ ಬೇಕೆಂದು ಹಟ ಹಿಡಿಯುವ ಮಕ್ಕಳಿಗೆ ಬ್ಯಾಡಗಿ ಮೆಣಸಿನಕಾಯಿಯಿದೆ. ಅದರಲ್ಲಿ ಖಾರಕ್ಕಿಂತ ಬಣ್ಣ ಹೆಚ್ಚು. ಎಂಟು ಮೆಣಸಿನಕಾಯಿಗಳ ಬೀಜ ತೆಗೆದು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿರಿ. ಹತ್ತು ಎಸಳು ಬೆಳ್ಳುಳ್ಳಿ, ಒಂದು ಅಂಗುಲ ಶುಂಠಿ, ಹಿಡಿ ಕೊತ್ತಂಬರಿ, ಅರ್ಧ ಹಿಡಿ ಪುದೀನ, ಚಿಟಿಕೆ ಅರಿಶಿನ ಸೇರಿಸಿ ನುಣ್ಣಗೆ ರುಬ್ಬಿ, ಅರ್ಧ ಬಟ್ಟಲು ಗಟ್ಟಿ ಮೊಸರು, ಉಪ್ಪು, ಅರ್ಧ ಲಿಂಬೆಯ ರಸ ಬೆರೆಸಿರಿ. ಅಲ್ಯುಮಿನಿಯಮ್ ಪಾತ್ರೆ ಬೇಡ. ಹುಳಿಗೆ ಅದು ಒಗ್ಗದು.

ಶಾಕಾಹಾರಿಗಳ ಮನೆಯಲ್ಲಿ ಈ ಮಸಾಲೆ ಹೂಕೋಸಿಗೆ ಸಲ್ಲುತ್ತದೆ. ದೊಡ್ಡ ಹೋಳುಗಳನ್ನು ಉಪ್ಪುನೀರಿನಲ್ಲಿ ಐದು ನಿಮಿಷ ಕುದಿಸಿ ಬಸಿದು, ಮಸಾಲೆ ಸವರಿ, ಕಬ್ಬಿಣದ ಹಂಚಿನ ಮೇಲೆ ಎಣ್ಣೆ ಚಿಮುಕಿಸಿ ಅಂಚು ಕಂದುವವರೆಗೆ ಹುರಿಯಿರಿ. ಮಾಂಸಾಹಾರಿಗಳು ಒಂದು ಕಿಲೋ ಕೋಳಿಗೆ ಇದನ್ನೇ ಹಚ್ಚಿ ಎರಡು ಗಂಟೆ ತಂಪಾದಲ್ಲಿ ಇಡಬಹುದು. ಹುಳಿಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ನೆನೆದರೆ ಮಾಂಸದ ಮೇಲ್ಪದರ ಹಿಟ್ಟಿನಂತಾಗುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ, ಮುಚ್ಚಳ ತೆಗೆದು ಹತ್ತು ನಿಮಿಷ ಹುರಿಯಿರಿ. ತೊಡೆಯ ಎಲುಬಿನ ಬಳಿ ಚುಚ್ಚಿದಾಗ ಬರುವ ರಸ ತಿಳಿಯಾಗಿದ್ದರೆ ಬೆಂದಿದೆ. ಕೆಂಪು ಕಂಡರೆ ಇನ್ನೂ ಬೇಯಬೇಕು.

ಸೊಪ್ಪಿನಲ್ಲಿ ಅರ್ಧ ಮಸಾಲೆಗೆ, ಅರ್ಧ ಬಡಿಸುವಾಗ: ಇದು ಎರಡಕ್ಕೂ ಅನ್ವಯಿಸುವ ನಿಯಮ. ಕೊತ್ತಂಬರಿ, ಪುದೀನಗಳಿಗೆ ಹೊಲವೇ ಬೇಕೆಂದಿಲ್ಲ. ಬಚ್ಚಲ ನೀರು ಬೇಡ. ಕಾಯಿಪಲ್ಲೆ ತೊಳೆದ ನೀರು ಹನಿಸಿದರೂ ಒಡೆದ ಕೊಡದಲ್ಲಿ ಪುದೀನ ಹಬ್ಬುತ್ತದೆ. ಆ ಕೊಡದ ಹೊಣೆಯನ್ನು ಮನೆಯ ಮಕ್ಕಳಿಗೇ ಒಪ್ಪಿಸಿರಿ. ತಾನು ಬೆಳೆಸಿದ ಸೊಪ್ಪನ್ನು ತಟ್ಟೆಯಲ್ಲಿ ಕಂಡ ಮಗು ಅದನ್ನು ಬದಿಗೆ ಸರಿಸುವುದಿಲ್ಲ. ಅಂಗಡಿಯ ಕೆಂಪು ಕಂಡಾಗ ‘ಇದಕ್ಕೆ ಈ ಬಣ್ಣ ಎಲ್ಲಿಂದ ಬಂತು?’ ಎಂದು ಕೇಳಲೂ ಕಲಿಯುತ್ತದೆ.